ಆರೂವರೆ ಡಿಗ್ರಿ

ದೇವರಾಜು ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು, ನಾಲ್ಕು ಬೈದು ಮುಗಿಸಬಹುದಿತ್ತು.

ಕಿಕ್ಕೇರಿ ಕಡೆಯವನು. ಜಮೀನು ಅಣ್ಣನಿಗೆ ಬಿಟ್ಟುಕೊಟ್ಟು, ಅದೇ ತಾಲ್ಲೂಕಿನ ಒಂದು ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಅಟೆಂಡರ್ ಆಗಿ ಸೇರಿದ. ಬೀಕರ್ ತೊಳೆಯುತ್ತಾ, ಬಾಟಲಿಗೆ ಚೀಟಿ ಅಂಟಿಸುತ್ತಾ ಅಲ್ಲೇ ಅವನ ತಲೆ ನರೆಯಿತು. ಕಾಲೇಜಿನ ಹೆಸರು ನಮಗೆ ಬೇಡ. ಅಲ್ಲಿ ನಡೆದದ್ದು ಇನ್ನೆಲ್ಲೂ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದೂ ಇಲ್ಲ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅಟೆಂಡರ್ ಮಕ್ಕಳಿಗೆ ರೀಡಿಂಗ್ ಹೇಳುವುದು ಅಲ್ಲಿ ನಡೆದುಕೊಂಡು ಬಂದ ಪದ್ಧತಿ. ಟೇಬಲ್ ಒರೆಸುವ ನೆಪದಲ್ಲಿ ಹತ್ತಿರ ಹೋಗಿ ಮೆಲ್ಲಗೆ ಒಂದು ಅಂಕಿ ಉಸುರಿದರೆ ಆಯಿತು. ಇದಕ್ಕಾಗಿ ದೇವರಾಜು ಯಾರ ಹತ್ತಿರವೂ ಒಂದು ಲೋಟ ಟೀ ಕೂಡ ಕುಡಿದವನಲ್ಲ. ಹಳ್ಳಿ ಮಕ್ಕಳು ಪಾಸಾಗಲಿ ಎಂಬುದಷ್ಟೇ ಅವನ ಆಸೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಳೇ ಹುಡುಗರು "ದೇವ್ರಾಜಣ್ಣ" ಎಂದು ಓಡಿ ಬಂದರೆ ಅವನಿಗೆ ಹೊಟ್ಟೆ ತುಂಬುತ್ತಿತ್ತು.

ಶಾಖ ಅಳೆಯುವ ಪ್ರಯೋಗಕ್ಕೆ ಅವನ ಅಂಕಿ ಆರೂವರೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ಆಮ್ಲಕ್ಕೆ ಪ್ರತ್ಯಾಮ್ಲ ಸುರಿದರೆ ಒಲೆಯಿಲ್ಲದೆಯೇ ದ್ರಾವಣ ಬೆಚ್ಚಗಾಗುತ್ತದೆ. ಎಷ್ಟು ಡಿಗ್ರಿ ಏರಿತು ಎಂದು ಥರ್ಮಾಮೀಟರಿನಲ್ಲಿ ನೋಡಿ, ಹೊರಬಂದ ಶಾಖದ ಲೆಕ್ಕ ಹಾಕಬೇಕು. ಆ ಲ್ಯಾಬಿನಲ್ಲಿ ಪ್ರತಿ ವರ್ಷವೂ ಆರೂವರೆ ಡಿಗ್ರಿ ಏರುತ್ತಿತ್ತು, ನೋಡಿದವರಿಗೂ ನೋಡದವರಿಗೂ.

ಅವನ ಮಗಳು ಸಹನ ನೋಡುವವಳು. ಅದೇ ಕಾಲೇಜಿನಲ್ಲಿ ಸೆಕೆಂಡ್ ಪಿಯು. ಮನೆಯಲ್ಲಿ ಕಾಯಿಸಿದ ಹಾಲನ್ನು ಸ್ಟೀಲ್ ಚೊಂಬಿಗೊಂದಷ್ಟು, ಬಟ್ಟೆ ಸುತ್ತಿದ ಮಡಕೆಗೊಂದಷ್ಟು ಹಾಕಿ, ಯಾವುದು ಬೇಗ ಆರುತ್ತದೆ ಎಂದು ಥರ್ಮಾಮೀಟರ್ ಹಿಡಿದು ಕೂರುತ್ತಿದ್ದಳು.

"ಬಿಸಿ ಎಲ್ಲೂ ಕಳ್ದೋಗಲ್ಲ ಕಣಪ್ಪ. ಒಸಿ ಚೊಂಬಿಗೋಯ್ತದೆ, ಒಸಿ ಗಾಳಿಗೋಯ್ತದೆ. ಉಡುಕುದ್ರೆ ಲೆಕ್ಕ ಸಿಕ್ತದೆ" ಅನ್ನುವಳು.

ಕೆಮಿಸ್ಟ್ರಿಯಲ್ಲೇ ಬಿಎಸ್ಸಿ ಮಾಡಿ ಲೆಕ್ಚರರ್ ಆಗಬೇಕು, ಅವಳಿಗಿದ್ದದ್ದು ಅದೊಂದೇ ಹಟ. ದೇವರಾಜು ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದ್ದ.

ಹೋದ ವರ್ಷ ನಾಗಮಂಗಲದಿಂದ ಪ್ರಸಾದ್ ಎಂಬ ಪರೀಕ್ಷಕರು ಬಂದರು. ಮಗಳು ಪರೀಕ್ಷೆ ಬರೆಯುವಾಗ ಅಪ್ಪ ಒಳಗಿರಬಾರದು, ನಿಜ. ಆದರೆ ಇನ್ನೊಬ್ಬ ಅಟೆಂಡರ್ ಇದ್ದರೆ ತಾನೆ? ಬೆಳಿಗ್ಗೆ ಪ್ರಸಾದ್ ದೇವರಾಜುವನ್ನು ಕರೆದು, "ಶಾಖದ ಪ್ರಯೋಗಕ್ಕೆ ಇಟ್ಟಿರೋ ಆಮ್ಲಕ್ಕೆ ಸಮಸಮ ನೀರು ಬೆರೆಸಿಡಿ" ಎಂದರು. ದೇವರಾಜು ಬೆರೆಸಿಟ್ಟ. ಆಮ್ಲ ಅರ್ಧವಾದರೆ ಏರುವ ಶಾಖವೂ ಅರ್ಧವಾಗುತ್ತದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆಯಬೇಕು? ಆರೂವರೆ ಅವನಿಗೆ ಬಾಯಿಪಾಠ, ಅದರ ಹಿಂದಿನ ಕಾರಣವನ್ನು ಅವನು ಕೇಳಿದವನಲ್ಲ, ಹೇಳಿದವರೂ ಇಲ್ಲ.

ಸಹನಳಿಗೆ ಅದೇ ಪ್ರಯೋಗ ಬಂತು. ಸುರಿದಳು, ಕಲಕಿದಳು, ಬಗ್ಗಿ ನೋಡಿದಳು. ಪಾದರಸ ಮೂರು ಡಿಗ್ರಿ ಚಿಲ್ಲರೆ ಏರಿ ನಿಂತಿತು. ಇನ್ನೊಂದು ಸಲ ಮಾಡಿದಳು, ಅಷ್ಟೇ ಬಂತು. ಅದನ್ನೇ ಬರೆದು, ಕೆಳಗೆ "ಆಮ್ಲ ಅರ್ಧದಷ್ಟು ದುರ್ಬಲವಾಗಿರಬೇಕು" ಎಂದು ಸೇರಿಸಿದಳು.

ಟೇಬಲ್ ಒರೆಸುತ್ತಾ ಬಂದ ಅಪ್ಪನ ಕಣ್ಣಿಗೆ ಬಿದ್ದದ್ದು ಆ ಮೂರು ಮಾತ್ರ. ಅವನು ಅವಳ ಕಿವಿಯ ಹತ್ತಿರ ಬಗ್ಗಿದ.

"ಮೂರಲ್ಲ ಕಣವ್ವ, ಆರೂವರೆ ಬರ್ಕೊ."

"ಮೂರೇ ಬಂದಿರೋದು ಕಣಪ್ಪ."

"ಸರ್ಯಾಗಿ ನೋಡಿಲ್ಲ ನೀನು. ಇಷ್ಟು ವರ್ಸದಿಂದ ನೋಡಿಲ್ವಾ ನಾನು? ವಡ್ದಾಕು ಅದ."

ಅವಳು ಥರ್ಮಾಮೀಟರನ್ನು ನೋಡಿದಳು, ಅಪ್ಪನ ಮುಖ ನೋಡಿದಳು. ಬರೆದದ್ದರ ಮೇಲೆಲ್ಲ ಗೆರೆ ಎಳೆದು ಆರೂವರೆ ಎಂದು ಬರೆದಳು.

ಉತ್ತರಪತ್ರಿಕೆ ನೋಡಿದ ಪ್ರಸಾದ್ ಗೆರೆಯ ಅಡಿಯ ಸಾಲನ್ನು ಬಹಳ ಹೊತ್ತು ಓದಿದರು.

"ನಂಗೆ ಬೇಕಾಗಿದ್ದು ಇದೇ ಸಾಲಮ್ಮ. ಇಡೀ ಬ್ಯಾಚಲ್ಲಿ ನೀನೊಬ್ಳೇ ಬರೆದಿದ್ದೆ. ಯಾರು ಹೊಡೆದುಹಾಕು ಅಂದಿದ್ದು?"

ದೇವರಾಜು ಸಿಂಕಿನ ಹತ್ತಿರ ಬೀಕರ್ ಹಿಡಿದು ನಿಂತಿದ್ದ. ಬಾಯಿ ತೆರೆದಿದ್ದರೆ ಮಗಳ ಮಾರ್ಕ್ಸ್ ಉಳಿಯುತ್ತಿತ್ತು. ಅವನು ನಲ್ಲಿ ತಿರುಗಿಸಿ ಬೀಕರ್ ತೊಳೆಯತೊಡಗಿದ, ತೊಳೆದದ್ದನ್ನೇ ಮತ್ತೆ ತೊಳೆದ. ಇದಕ್ಕೆ ನಾನು ಯಾವ ಸಮಾಧಾನವನ್ನೂ ಹೇಳಲಾರೆ.

"ಯಾರೂ ಅನ್ಲಿಲ್ಲ ಸರ್. ನಂಗೇ ಅನುಮಾನ ಬಂತು" ಎಂದಳು ಸಹನ.

"ನೋಡದೇ ಇರೋದನ್ನ ಬರೆದಿದ್ದೀಯ. ಪ್ರಯೋಗಕ್ಕೆ ಮಾರ್ಕ್ಸ್ ಕೊಡೋಕಾಗಲ್ಲ" ಎಂದರು ಅವರು.

ಸಂಜೆ ಬಸ್ಸಿನಲ್ಲಿ ಅವನೇ ಮಾತು ತೆಗೆದ.

"ಬಾಯಿ ಬುಟ್ಟಿದ್ರೆ ಕೆಲ್ಸ ಓಗ್ತಿತ್ತು ಕಣವ್ವ."

"ಗೊತ್ತು. ಅದ್ಕೇ ನಾನೂ ಏಳ್ನಿಲ್ಲ" ಎಂದಳು. ಆಮೇಲೆ, "ನಾನೇ ತಪ್ಪು ನೋಡಿರ್ತೀನಿ ಅಂತ ಎಂಗನ್ಕಂಡೆ ನೀನು?" ಎಂದು ಕೇಳಿದಳು.

ಊರೆಲ್ಲ ಮಗಳ ಬುದ್ಧಿ ಹೊಗಳಿದವನು ಅದನ್ನು ತಾನೇ ನಂಬಿರಲಿಲ್ಲ.

ಸಹನ ಪಾಸಾದಳು. ಬಿಎಸ್ಸಿಗೆ ಸೀಟೂ ಸಿಗುತ್ತಿತ್ತು. ಆದರೆ ಅವಳು ಪಾಂಡವಪುರದಲ್ಲಿ ಬಿಕಾಂ ಸೇರುತ್ತೇನೆ ಎಂದಳು. ದೇವರಾಜು ಅಂಗಲಾಚಿದ, ಗದರಿದ, ಕೊನೆಗೆ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದ.

"ಯಾಕವ್ವ, ಕೆಮಿಸ್ಟ್ರಿ ಅಂದ್ರೆ ಜೀವ ಬುಡ್ತಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಏನ್ ಮಾಡ್ಲಪ್ಪ, ಈಗ ಥರ್ಮಾಮೀಟ್ರು ನೋಡುದ್ರೆ ಎಷ್ಟದೆ ಅಂತ ಕಾಣಕಿಲ್ಲ, ಎಷ್ಟಿರ್ಬೇಕಿತ್ತೋ ಅಂತ ಭಯ ಆಯ್ತದೆ."