ಕಂಕುಳಲ್ಲಿ ಹರಿದ ಅಂಗಿ

ಮಣಿಪಾಲದಲ್ಲಿ ವಿದ್ಯಾರ್ಥಿಗಳು ಹಳೆ ಬಟ್ಟೆಗಳ ಮಾರಾಟ ಇಟ್ಟಿದ್ದರು. ಅಲ್ಲಿ ನಾನು ಬಣ್ಣ ಮಾಸಿದ, ಬಲಗಂಕುಳಲ್ಲಿ ಹರಿದ ಒಂದು ಚೌಕಳಿ ಅಂಗಿ ಕೊಂಡೆ. ಅದಕ್ಕೆ ‘ವಿಂಟೇಜ್’ ಎಂಬ ಚೀಟಿ ಅಂಟಿಸಿದ್ದರು. ಹರಿದದ್ದನ್ನು ಹೊಲಿಸಿದರೆ ಅಂಗಿಯ ಅಂದ ಕೆಡುತ್ತದೆ ಎಂದು ಮಾರಿದವಳೇ ಎಚ್ಚರಿಸಿದಳು. ಹಾಗಾಗಿ ಹೊಲಿಸಲಿಲ್ಲ.

ಆ ವಾರವೇ ಕಾಪುವಿನಲ್ಲಿ ಮೀನು ಮಾರುವ ಹೆಂಗಸರು ಧರಣಿ ಕೂತರು. ಅವರು ಮೀನು ಒಣಗಿಸುವ ಜಾಗದಲ್ಲಿ ರೆಸಾರ್ಟ್ ಬರುವುದಿತ್ತು. ದುಡಿಯುವವರ ನಡುವೆ ದುಡಿಯುವವಳಂತೆಯೇ ಕಾಣಬೇಕೆಂದು ನಾನು ಆ ಅಂಗಿ ತೊಟ್ಟು ಹೋದೆ.

ಅಲ್ಲಿ ಎಲ್ಲರೂ ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಶಂಕರಪುರ ಮಲ್ಲಿಗೆ ಮುಡಿದು ಕೂತಿದ್ದರು. ಪಕ್ಕದಲ್ಲಿದ್ದ ಹಿರಿಯ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಮನೆಯಲ್ಲಿ ಬೇರೆ ಅಂಗಿ ಇಲ್ವಾ ಮಗಾ?”

“ಉಂಟು. ನಿಮಗೆ ಬೆಂಬಲ ಅಂತ ಇದನ್ನು ಹಾಕಿದೆ.”

“ಎಂತ ಬೆಂಬಲ ಮಾರಾಯ್ತಿ? ಹರಿದದ್ದು ಹಾಕಿಕೊಂಡು ಬಂದರೆ ಬೇಡಲಿಕ್ಕೆ ಬಂದಿದ್ದಾರೆ ಅಂತ ತಿಳಿದುಕೊಳ್ತಾರೆ. ನಾವು ಕೇಳುವುದು ನಮ್ಮದೇ ಜಾಗ ಅಲ್ವಾ?”

ವಿಂಟೇಜ್ ಎಂದರೇನೆಂದು ವಿವರಿಸುವ ಜಾಗ ಅದಾಗಿರಲಿಲ್ಲ.

ಅಷ್ಟರಲ್ಲಿ ಪತ್ರಿಕೆಯ ಛಾಯಾಗ್ರಾಹಕ ಬಂದ. ಘೋಷಣೆ ಶುರುವಾಯಿತು. ಬಳೆ ತೊಟ್ಟ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ನಾನೂ ಬಲಗೈ ಎತ್ತಿದೆ. ಆ ಹೆಂಗಸು ಅದನ್ನು ಹಿಡಿದು ಕೆಳಗಿಳಿಸಿ, ನನ್ನ ಮಡಿಲಲ್ಲಿಟ್ಟು, ಮೇಲೆ ತಮ್ಮ ರೇಷ್ಮೆ ಸೆರಗು ಹೊದಿಸಿದರು.

“ಗಟ್ಟಿಯಾಗಿ ಕೂಗು,” ಎಂದರು. “ಕೈ ಮಾತ್ರ ಎತ್ತಬೇಡ.”