ಮಚಲೀಪಟ್ಟಣದ ಮೇಡಂ

ನಮ್ಮ ಇತಿಹಾಸದ ಮೇಡಂ ಅವರ ಎಡಗಣ್ಣಿನ ರೆಪ್ಪೆ ಸದಾ ಅರ್ಧಕ್ಕೇ ನಿಂತಿರುತ್ತಿತ್ತು. ತೂಕಡಿಸುತ್ತಿದ್ದಾರೆ ಅಂದುಕೊಂಡು ಪಿಸುಗುಟ್ಟಿದ ಹುಡುಗಿ ಆ ಪಾಠವನ್ನೆಲ್ಲ ನಿಂತೇ ಕೇಳಬೇಕಾಗುತ್ತಿತ್ತು.

ಹೈದರಾಬಾದಿನ ನಮ್ಮ ಕಾಲೇಜಿನಲ್ಲಿ ಅವರು ಮಚಲೀಪಟ್ಟಣ ಬಂದರಿನ ಚರಿತ್ರೆ ಕಲಿಸುತ್ತಿದ್ದರು. ಪಾಠ ಇಂಗ್ಲಿಷಿನಲ್ಲಿ, ನನಗೆ ಬೈಗುಳ ಮಾತ್ರ ಕನ್ನಡದಲ್ಲಿ. ಇಬ್ಬರೂ ರಾಯಚೂರು ಕಡೆಯವರು. ಆ ಸಂಬಂಧಕ್ಕೆ ನನಗೆ ಸಿಕ್ಕಿದ್ದು ಹೆಚ್ಚಿನ ಬೈಗುಳ, ಅಷ್ಟೇ.

ಒಮ್ಮೆ ನನ್ನ ಪ್ರಬಂಧವನ್ನು ಎಲ್ಲರೆದುರು ಓದಿಸಿದರು. ಡಚ್ಚರ ಹಡಗು, ಗೋಲ್ಕೊಂಡದ ಬಣ್ಣದ ಬಟ್ಟೆ ಎಂದು ಸೊಗಸಾಗಿ ಬರೆದಿದ್ದೆ. ಮುಗಿಯುವ ಮೊದಲೇ ಕಸಿದುಕೊಂಡು ಹರಿದರು.

"ಬರೇ ಅರಿವಿ ಹೋದ್ವೇನ ಹಡಗಿನಾಗ? ಬರ ಬಿದ್ದಾಗ ಈ ಸಮುದ್ರದ ದಂಡಿಗುಂಟ ತಾಯಂದ್ರು ಹಸಿವಿಗೆ ಮಕ್ಕಳನ್ನ ಮಾರ್ಯಾರ. ಡಚ್ಚರು ಹಡಗಿಗೆ ತುಂಬಿಕೊಂಡು ಒಯ್ದಾರ. ಆ ಮಕ್ಕಳು ಎಲ್ಲಿ ಅದಾವ ನಿನ್ನ ಬರವಣಿಗ್ಯಾಗ?"

"ಗೊತ್ತಿರಲಿಲ್ರಿ ಮೇಡಂ," ಎಂದು ಅಳತೊಡಗಿದೆ.

"ಅಳಬ್ಯಾಡ. ನಿನ್ನ ಯಾರೂ ಮಾರಿಲ್ಲ."

ಊರಿಗೆಲ್ಲ ಕಂಪ್ಯೂಟರ್ ಹುಚ್ಚು ಹಿಡಿದಿದ್ದ ಕಾಲ ಅದು. ಇತಿಹಾಸಕ್ಕೆ ಬೆರಳೆಣಿಕೆಯ ಹುಡುಗಿಯರು ಉಳಿದೆವು. ಆಡಳಿತ ಮಂಡಳಿ ನಮ್ಮ ವಿಭಾಗ ಮುಚ್ಚಿ, ಕೋಣೆಯನ್ನು ಲ್ಯಾಬ್ ಮಾಡಲು ಹೊರಟಿತು. ಪಾಠ ನಡೆಯುತ್ತಿದ್ದಾಗಲೇ ಆಳುಗಳು ಬಂದು ಕರಾವಳಿಯ ನಕ್ಷೆಯನ್ನು ಗೋಡೆಯಿಂದ ಇಳಿಸಿದರು. ಬಾಗಿಲಲ್ಲಿ ನಿಂತಿದ್ದ ಕಾರ್ಯದರ್ಶಿ, "ಮೇಡಂ, ನಿಮ್ಮ ಜಹಾಜು ಮುಳುಗಿತು, ಈಗಲಾದರೂ ಇಳೀರಿ," ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ಹೊರಗಿದ್ದ ಹುಡುಗಿಯರೂ ನಕ್ಕರು. ಮೇಡಂ ಅತ್ತ ತಿರುಗಲಿಲ್ಲ. ಬಿರುಗಾಳಿಗೆ ಸಮುದ್ರ ಉಕ್ಕಿ ಮಚಲೀಪಟ್ಟಣದೊಳಗೆ ನುಗ್ಗಿದ್ದನ್ನು ಹೇಳುತ್ತಿದ್ದರು. ಹೆಣ ಹೂಳಲೂ ಜನ ಉಳಿಯಲಿಲ್ಲ ಎಂಬಲ್ಲಿಯ ತನಕ ಹೇಳಿ, ಕೈಗಂಟಿದ ಸೀಮೆಸುಣ್ಣದ ಪುಡಿ ಒರೆಸಿಕೊಂಡು ಕೆಳಗಿಳಿದು ಹೋದರು.

ನಿವೃತ್ತಿಗೆ ಇನ್ನೂ ಸಮಯವಿತ್ತು. ಕಂಪ್ಯೂಟರ್ ವಿದ್ಯಾರ್ಥಿನಿಯರಿಗೆ ಸಂದರ್ಶನದಲ್ಲಿ ಹೇಗೆ ಕೂರಬೇಕು, ಹೇಗೆ ನಗಬೇಕು ಎಂದು ಕಲಿಸಲು ಅವರನ್ನು ಹಾಕಿದರು. ನಗೆಯನ್ನೇ ಕಾಣದ ಆ ಮುಖವನ್ನು ಹುಡುಗಿಯರು ಅವರೆದುರೇ ಅಣಕಿಸುತ್ತಿದ್ದರು. ಅವರು ಒಬ್ಬಳನ್ನೂ ಬೈಯಲಿಲ್ಲ. ನಾನು ಅದನ್ನು ಕಿಟಕಿಯಿಂದ ನೋಡಿದೆ.

ನಾನು ಪಿಎಚ್.ಡಿ.ಗೆ ಅದೇ ಬಂದರನ್ನು ಹಿಡಿದೆ. ಹೊಟ್ಟೆಯ ಹುಣ್ಣು ಕ್ಯಾನ್ಸರೆಂದು ತಿಳಿದು ಮೇಡಂ ಆಸ್ಪತ್ರೆ ಸೇರಿದಾಗ, ಮೊದಲ ಅಧ್ಯಾಯ ಒಯ್ದು ಓದಿದೆ. ನೋವಿಗೆ ಹಾಸಿಗೆಯ ಸರಳು ಹಿಡಿದುಕೊಂಡೇ ಕೇಳಿದರು.

"ನೀರು ಕೊಡ್ಲೇನ್ರಿ?" ಎಂದೆ.

"ಓದು."

ಮುಗಿದ ಮೇಲೆ ಅಂದರು: "ಭಾಳ ಕೆಟ್ಟದೈತಿ. ಮತ್ತ ಬರಿ."

ಮತ್ತೆ ಬರೆದೆ. ಒಯ್ದಾಗ ಆ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಆ ಅಧ್ಯಾಯವನ್ನು ಈಗ ಕಾಲೇಜುಗಳಲ್ಲಿ ಪಾಠಕ್ಕೆ ಇಟ್ಟಿದ್ದಾರೆ, ಹೊಗಳುತ್ತಾರೆ. ನಾನು ಇನ್ನೂ ತಿದ್ದುತ್ತಲೇ ಇದ್ದೇನೆ.