ಗಾಜು ಇಳಿಸದವರು

ಅಬುಧಾಬಿಯ ಖಾಲಿದಿಯಾದಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಉಡುಪಿ ಕಡೆಯವರೊಬ್ಬರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಲಿಫ್ಟಿನಲ್ಲಿ ಯಾರಾದರೂ ನಕ್ಕರೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. "ಸುಮ್ಮನೆ ಯಾರು ನಗ್ತಾರೆ ಮಾರಾಯ್ರೇ? ಎಂತದೋ ಉಂಟು" ಎನ್ನುತ್ತಿದ್ದರು.

ಒಂದು ಈದ್ ರಜೆಯಲ್ಲಿ ನಾವಿಬ್ಬರೂ ಶ್ರೀಲಂಕೆಗೆ ಹೋಗಿ, ಬಾಡಿಗೆ ಕಾರಿನಲ್ಲಿ ಮಳೆಕಾಡಿನ ದಾರಿ ಹಿಡಿದೆವು. ಎರಡೂ ಕಡೆಯ ಮರಗಳು ಬಾಗಿ ರಸ್ತೆಯ ಮೇಲೆ ಹಸಿರು ಚಪ್ಪರ ಹಾಕಿದ್ದವು. ಕಾಡಿನ ಗಾಳಿಗಾಗಿ ನಾನು ಗಾಜು ಇಳಿಸಹೋದರೆ ಕಾರು ಓಡಿಸುತ್ತಿದ್ದ ಅವರು ಬಿಡಲಿಲ್ಲ.

ಒಂದೆಡೆ ಮಳೆಯಲ್ಲಿ ನೆನೆದ ಮುದುಕರೊಬ್ಬರು ರಸ್ತೆಗೆ ಬಂದು ಎರಡೂ ಕೈ ಬೀಸಿದರು.

"ನಿಲ್ಲಿಸಿ" ಎಂದೆ.

"ನಿಲ್ಲಿಸಿದ್ರೆ ಖಲಾಸ್! ಇವನ ಜನ ಮರದ ಹಿಂದೆ ಇರ್ತಾರೆ" ಎಂದು ಪಕ್ಕದಿಂದ ಕಾರು ನುಗ್ಗಿಸಿದರು.

ತಿರುವು ದಾಟಿದರೆ ರಸ್ತೆಯೇ ಇರಲಿಲ್ಲ. ಮಣ್ಣು ಕುಸಿದು, ಆಳದಲ್ಲಿ ಹೊಳೆ ಕಾಣುತ್ತಿತ್ತು. ಅವರು ಅಂಚಿನಲ್ಲೇ ಬ್ರೇಕ್ ಒತ್ತಿದರು.

ಕಾರನ್ನು ಹಿಂದಕ್ಕೆ ತಂದಾಗ ಮುದುಕರು ನಮ್ಮನ್ನು ಗುಡಿಸಲಿಗೆ ಕರೆದು ಚಹಾ ಕೊಟ್ಟರು. ನಮ್ಮ ಉಡುಪಿಯವರು ಲೋಟ ಮುಟ್ಟಲಿಲ್ಲ. ನಾನು ಕುಡಿದು ಮುಗಿಸುವವರೆಗೂ ನನ್ನ ಮುಖವನ್ನೇ ನೋಡುತ್ತ ಕುಳಿತು, ಮೆಲ್ಲಗೆ ಕೇಳಿದರು: "ನಿಮಗೆ ಎಂತ ಆಗ್ಲಿಲ್ಲ ಅಲ್ವಾ?"

"ಇಲ್ಲ."

ಆಮೇಲೆ ಅವರು ತಮ್ಮ ಚಹಾವನ್ನು ಒಂದೇ ಉಸಿರಿಗೆ ಕುಡಿದು, ಖಾಲಿ ಲೋಟವನ್ನು ಮುದುಕರ ಮುಂದೆ ಇನ್ನೊಮ್ಮೆ ಚಾಚಿದರು.